ಇತಿಹಾಸದ ಪಿರಿಯಡ್ ಉಳಿಯುತ್ತಾ?

ಪ್ರಶ್ನೆ: ಮಗಳು ಚಿತ್ರದುರ್ಗದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಹೊಸ ಪಠ್ಯಕ್ರಮ ಬಂದರೆ ಇತಿಹಾಸ ಮೂಲೆಗೆ ಹೋಗುತ್ತದಂತೆ. ಹೋದರೆ ನಷ್ಟವೇನು ಸಾರ್? ಬರೀ ಇಸವಿ ಉರು ಹೊಡೆಯುವುದು ತಾನೇ?

ಉತ್ತರ: ಪೂರ್ತಿ ಹೋಗುವುದಿಲ್ಲ ಬಿಡಿ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಹತ್ತನೇ ತರಗತಿವರೆಗೆ ಸಮಾಜ ವಿಜ್ಞಾನ ಇದೆ. ಆದರೆ ನಮ್ಮ ಪುಸ್ತಕದಲ್ಲಿ ಇತಿಹಾಸ ಈಗಲೇ ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ನಡುವೆ ಒತ್ತರಿಸಿಕೊಂಡು ಕೂತಿದೆ.

ಉರು ಹೊಡೆಯುವ ಮಾತು ನಿಜ. 1779ರಲ್ಲಿ ಹೈದರಾಲಿ ದುರ್ಗ ಗೆದ್ದ ಅಂತ ಬರೆದರೆ ಅಂಕ ಬರುತ್ತದೆ, ಅಂಥ ಏಳುಸುತ್ತಿನ ಕೋಟೆ ಬಿದ್ದದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ.

ನಿಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯನ್ನೇ ನೋಡಿ. ಅಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ತಂದೆತಾಯಿಯ ಮಾತು ಕೇಳಿ, ಸತ್ಯ ಹೇಳಿ ಅಂತ ಬ್ರಾಹ್ಮಿ ಲಿಪಿಯಲ್ಲಿ ಬರೆದ ಚಪಡ ಎಂಬ ಲಿಪಿಕಾರ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ಅದು ದೂರದ ವಾಯವ್ಯ ಭಾರತದ ಲಿಪಿ. ಅವನು ಇಲ್ಲಿಗೆ ಯಾಕೆ ಬಂದ? ಇಲ್ಲಿ ಅದನ್ನು ಓದುವವರು ಇದ್ದರಾ, ಅಥವಾ ಸುಮ್ನೆ ತನ್ನ ಗುರುತು ಬಿಟ್ಟನಾ? ಹೀಗೆ ಒಂದು ಆಧಾರ ಹಿಡಿದು ಯೋಚಿಸುವುದೇ ಇತಿಹಾಸ, ಅಲ್ವಾ? ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ನಂಬುವ ಕಾಲದಲ್ಲಿ ಇದೂ ಕೌಶಲವೇ.

ನನ್ನ ಕೇಳಿದರೆ ರಾಜರ ಪಟ್ಟಿ ಅರ್ಧ ಇಳಿಸಲಿ, ಪಿರಿಯಡ್ ಇಳಿಸುವುದು ಬೇಡ. ಆದರೆ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಬದಲಾಗದೆ ಯಾವ ಮೇಷ್ಟ್ರೂ ಶಾಸನದ ಮುಂದೆ ಒಂದು ಗಂಟೆ ಕಳೆಯುವುದಿಲ್ಲ, ಅವರನ್ನು ಬೈದು ಪ್ರಯೋಜನವೂ ಇಲ್ಲ.