ವಾರ್ಡ್ ಪೋಸ್ಟಿಂಗ್ ಅಂದರೆ ಕೈ ನಡುಗುತ್ತೆ, ಗಾಯ ನೋಡಿದರೆ ಕಣ್ಣು ಕತ್ತಲೆ ಬರುತ್ತೆ. ನಾನು ನರ್ಸಿಂಗ್‌ಗೆ ಲಾಯಕ್ಕಿಲ್ಲವೇ?

ಲಾಯಕ್ಕಿನ ಮಾತು ಆಮೇಲೆ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಇಂಜೆಕ್ಷನ್ ಟ್ರೇ ಹಿಡಿದಾಗ ಎದೆ ಹೊಡೆದುಕೊಂಡು ಕೈ ನಡುಗುವುದು ಒಂದು. ಡ್ರೆಸ್ಸಿಂಗ್ ಬಿಚ್ಚುವಾಗ ಕಣ್ಣು ಕತ್ತಲೆ ಬರುವುದು ಇನ್ನೊಂದು. ಸೀನಿಯರ್‌ಗಳು ಎರಡಕ್ಕೂ ‘ಜೋರಾಗಿ ಉಸಿರು ತಗೋ, ರಿಲ್ಯಾಕ್ಸ್ ಆಗು’ ಅನ್ನುತ್ತಾರೆ. ಎರಡನೆಯದಕ್ಕೆ ಆ ಮದ್ದು ತಿರುಗಿ ಬೀಳುತ್ತದೆ.

ಮೊದಲನೆಯದು ಹೆದರಿದಾಗ ದೇಹ ಬಿಡುವ ಅಡ್ರಿನಲಿನ್ ಹಾರ್ಮೋನಿನ ಕೆಲಸ. ನಾಡಿ ಓಡುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಬೆರಳು ಅದುರುತ್ತವೆ. ಕೈಯನ್ನು ಗಾಳಿಯಲ್ಲಿ ಹಿಡಿದು ನಡುಕ ತಡೆಯಲು ಹೋದರೆ ಇನ್ನೂ ಹೆಚ್ಚುತ್ತದೆ, ಕೈಗೆ ಆಸರೆ ಬೇಕು. ವಯಲ್‌ನಿಂದ ಔಷಧ ಎಳೆಯುವಾಗ ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಚುಚ್ಚುವಾಗ ಇನ್ನೊಂದು ಕೈಯನ್ನು ರೋಗಿಯ ಮೈ ಮೇಲೆ ಊರಿ, ಚುಚ್ಚುವ ಜಾಗದ ಪಕ್ಕದ ಚರ್ಮ ಹಿಡಿದಿರಿ. ಉಸಿರಾಟಕ್ಕೆ ಬೇರೆ ಸಮಯ ಬೇಕಿಲ್ಲ. ಸೋಪು ಹಾಕಿ ಕೈ ತೊಳೆಯುವುದಕ್ಕೆ ಹೇಗೂ 40ರಿಂದ 60 ಸೆಕೆಂಡ್ ಬೇಕು. ಅಷ್ಟರಲ್ಲಿ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ನಾಲ್ಕೈದು ಉಸಿರಾಗುತ್ತದೆ. ಸಿಂಕ್ ಮುಂದೆ ನಿಂತವರನ್ನು ಯಾರೂ ಏನೂ ಕೇಳುವುದಿಲ್ಲ ಅನ್ನುವುದು ಇನ್ನೊಂದು ಅನುಕೂಲ.

ಎರಡನೆಯದರ ದಾರಿಯೇ ಬೇರೆ. ರಕ್ತ, ಗಾಯ ಕಂಡಾಗ ಕೆಲವರಲ್ಲಿ ನಾಡಿ ಮತ್ತು ಬಿಪಿ ಮೊದಲು ಸ್ವಲ್ಪ ಏರಿ, ಆಮೇಲೆ ದಢಕ್ಕನೆ ಇಳಿಯುತ್ತವೆ. ಮಿದುಳಿಗೆ ಸಾಕಷ್ಟು ರಕ್ತ ಹೋಗುವುದಿಲ್ಲ. ಆಗ ಮೈ ಸಡಿಲ ಬಿಟ್ಟರೆ ಬಿಪಿ ಇನ್ನಷ್ಟು ಕುಸಿಯುತ್ತದೆ. ಜೋರಾಗಿ, ಬೇಗ ಬೇಗ ಉಸಿರಾಡಿದರೆ ಕಾರ್ಬನ್ ಡೈ ಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ಇಲ್ಲಿ ಮೈ ಬಿಗಿ ಮಾಡಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ 1980ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಇದು: ಮುಷ್ಟಿ, ತೋಳು, ಹೊಟ್ಟೆ, ತೊಡೆ ಎಲ್ಲವನ್ನೂ 10ರಿಂದ 15 ಸೆಕೆಂಡ್ ಬಿಗಿ ಹಿಡಿಯಿರಿ, ಮುಖ ಬೆಚ್ಚಗಾದಂತೆ ಅನ್ನಿಸಬೇಕು. ಆಮೇಲೆ 20ರಿಂದ 30 ಸೆಕೆಂಡ್ ಮಾಮೂಲಿ ಸ್ಥಿತಿಗೆ ಬನ್ನಿ, ಪೂರ್ತಿ ಸಡಿಲ ಬೇಡ. ಹೀಗೆ ಐದು ಸಲ. ಉಸಿರು ಕಟ್ಟಬೇಡಿ, ಬಹಳ ಜನ ತಪ್ಪುವುದು ಅಲ್ಲೇ. ಕೈಯಲ್ಲಿ ಫೋರ್ಸೆಪ್ಸ್ ಇದ್ದರೆ ತೊಡೆ, ಪೃಷ್ಠ ಮಾತ್ರ ಬಿಗಿ ಮಾಡಿದರೂ ನಡೆಯುತ್ತದೆ. ಹಾಸ್ಟೆಲ್‌ನಲ್ಲಿ ಒಂದು ವಾರ ಮೊದಲೇ ರೂಢಿ ಮಾಡಿಕೊಳ್ಳಿ. ಕಣ್ಣು ಮಂಜಾದ ಮೇಲೆ ಕಲಿಯಲಾಗುವುದಿಲ್ಲ.

ಬೀಳುವ ಮೊದಲು ದೇಹ ಸೂಚನೆ ಕೊಡುತ್ತದೆ: ಆಕಳಿಕೆ, ತಣ್ಣನೆ ಬೆವರು, ಹೊಟ್ಟೆ ತೊಳೆಸುವುದು, ಕಿವಿಯಲ್ಲಿ ಗುಂಯ್‌ ಅನ್ನುವುದು. ಡ್ರೆಸ್ಸಿಂಗ್ ಹೊತ್ತಲ್ಲಿ ಆಕಳಿಕೆ ಬಂದರೆ ನಿದ್ದೆ ಸಾಲದು ಅಂತ ತಳ್ಳಿಹಾಕಬೇಡಿ. ‘ಸಿಸ್ಟರ್, ತಲೆ ಸುತ್ತುತ್ತಿದೆ’ ಅಂತ ಹೇಳಿ ಟ್ರಾಲಿಯಿಂದ ಎರಡು ಹೆಜ್ಜೆ ಹಿಂದೆ ಬಂದು, ಗೋಡೆಗೆ ಒರಗಿ ನೆಲದ ಮೇಲೇ ಕುಳಿತುಬಿಡಿ. ಜಾಗ ಇದ್ದರೆ ಮಲಗಿ ಕಾಲು ಎತ್ತರಕ್ಕಿಡಿ. ಮರ್ಯಾದೆ ಪ್ರಶ್ನೆ ಅಂತ ನಿಂತೇ ಇದ್ದವರು ರೋಗಿಯ ಮೇಲೋ ಸ್ಟೆರೈಲ್ ಟ್ರೇ ಮೇಲೋ ಬೀಳುತ್ತಾರೆ.

ಬರೀ ಕಾಫಿ ಕುಡಿದು ಬೆಳಗಿನ ಡ್ಯೂಟಿಗೆ ಓಡಬೇಡಿ. ತಿಂಡಿ ಜೊತೆ ಎರಡು ಲೋಟ ನೀರೂ ಹೋಗಲಿ. ರೌಂಡ್ಸ್‌ನಲ್ಲಿ ಮಂಡಿ ಗಟ್ಟಿ ಹಿಡಿದು ಅಲುಗದೆ ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ, ಹಿಮ್ಮಡಿ ಎತ್ತಿ ಇಳಿಸುತ್ತಿರಿ.

ನಡುಗುವ ಕೈಯಲ್ಲಿ ಸೂಜಿಗೆ ಕ್ಯಾಪ್ ಹಾಕಲು ಹೋಗಲೇಬೇಡಿ, ಹಾಗೇ ಸೂಜಿ ಕತ್ತರಿಸುವ ಹಬ್ ಕಟರ್‌ಗೆ ಹಾಕಿ. ಅಪ್ಪಿತಪ್ಪಿ ಚುಚ್ಚಿಕೊಂಡರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ತಕ್ಷಣ ಸಿಸ್ಟರ್‌ಗೆ ತಿಳಿಸಿ. ಬೈಗುಳಕ್ಕೆ ಹೆದರಿ ಮುಚ್ಚಿಡುವುದೇ ದೊಡ್ಡ ಅಪಾಯ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ಮೀರಬಾರದು.

ಇನ್ನು ಲಾಯಕ್ಕಿನ ವಿಷಯ. ಗಾಯ ನೋಡಿ ಕಣ್ಣು ಕತ್ತಲೆ ಬಂತು ಅನ್ನುವ ಒಂದೇ ಕಾರಣಕ್ಕೆ ಕೋರ್ಸ್ ಬಿಡಿ ಅಂತ ನಾನಂತೂ ಹೇಳುವುದಿಲ್ಲ, ಇದು ಅಭ್ಯಾಸದಿಂದ ತಗ್ಗುತ್ತದೆ. ಆದರೆ ಯಾವ ಸೂಚನೆಯೂ ಇಲ್ಲದೆ, ಓಡುವಾಗ ಅಥವಾ ಮಲಗಿದ್ದಾಗ ಎಚ್ಚರ ತಪ್ಪಿದ್ದರೆ, ಇಲ್ಲವೇ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡಿದ್ದರೆ, ಪೋಸ್ಟಿಂಗ್‌ಗೆ ಮುಂಚೆಯೇ ಡಾಕ್ಟರಿಗೆ ತೋರಿಸಿ ಇಸಿಜಿ ಮಾಡಿಸಿ.