ಆರ್‌ಸಿ (ರಿಮೋಟ್) ವಿಮಾನದ ಸರ್ವೋಗಳು ಸದಾ ಗುಂಯ್ ಅನ್ನುತ್ತಿವೆ, ನಾಲ್ಕನ್ನೂ ಬದಲಿಸಬೇಕಾ?

ಬೇಡ. ಇನ್ನೂ ದುಡ್ಡು ಬಿಚ್ಚಬೇಡಿ. ಮೊದಲು ಪುಶ್‌ರಾಡ್ ಬಿಚ್ಚಿ ನೋಡಿ. (ಸರ್ವೋ ಅಂದರೆ ರೆಕ್ಕೆ, ಬಾಲದ ಆಡುವ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರ್ ಡಬ್ಬಿ. ಅದರ ತೋಳಿನಿಂದ ಪಟ್ಟಿಗೆ ಹೋಗುವ ತಂತಿಯೇ ಪುಶ್‌ರಾಡ್.)

ನೀವು ಬರೆದಿರುವುದು ಇಷ್ಟು: ಪುಣೆಯ ವಾಕಡ್‌ನ ಮನೆಯಲ್ಲೇ ಫೋಮ್ ಶೀಟ್ ಕತ್ತರಿಸಿ ಟ್ರೈನರ್ (ಕಲಿಯುವವರ) ವಿಮಾನ ಮಾಡಿದ್ದೀರಿ. ಒಳಗೆ ನಾಲ್ಕು 9 ಗ್ರಾಂ ನೀಲಿ ಸರ್ವೋ. ಬ್ಯಾಟರಿ ಹಾಕಿದ ತಕ್ಷಣ ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ಸರ್ವೋ ಗುಂಯ್ ಅನ್ನುವುದಕ್ಕೆ ಶುರು ಮಾಡಿದರೆ ನಿಲ್ಲುವುದೇ ಇಲ್ಲ. ಐಲೆರಾನ್ (ರೆಕ್ಕೆಯ ಹಿಂದಿನ ಪಟ್ಟಿ) ಸರ್ವೋಗಳಲ್ಲಿ ಒಂದು, ಕೈಯಲ್ಲಿನ ಟ್ರಾನ್ಸ್‌ಮಿಟರ್‌ನ ಸ್ಟಿಕ್ ಪೂರ್ತಿ ಬಲಕ್ಕೆ ಹೋದಾಗ ಮಾತ್ರ ಕೂಗುತ್ತದೆ. ರಡ್ಡರ್ (ಬಾಲದ ನೆಟ್ಟಗಿನ ಪಟ್ಟಿ) ಯಾರೂ ಮುಟ್ಟದೆ ಇದ್ದರೂ ಆಗಾಗ ನಡುಗುತ್ತದೆ. ಬುಧವಾರ ಪೇಠೆಯ ಅಂಗಡಿಯವನು "ಸರ್ವೋ ಗೇಲಾ, ದುಸ್ರಾ ಘ್ಯಾ" (ಸರ್ವೋ ಹೋಯಿತು, ಬೇರೆ ತಗೊಳ್ಳಿ) ಅಂದು, ನಾಲ್ಕಕ್ಕೂ ಮೆಟಲ್ ಗೇರ್ ಹಾಕಿಸಿಕೊಳ್ಳಿ ಅಂದಿದ್ದಾನೆ.

ನನ್ನ ಪ್ರಕಾರ ಇವು ಮೂರೂ ಬೇರೆ ಬೇರೆ ತೊಂದರೆಗಳು. ಅದರಲ್ಲಿ ಎರಡಕ್ಕೆ ಸರ್ವೋದ ತಪ್ಪೇ ಇಲ್ಲ.

ಕೆಲಸ ಶುರು ಮಾಡುವ ಮುಂಚೆ ಪ್ರೊಪೆಲ್ಲರ್ ಬಿಚ್ಚಿಡಿ. ಟೇಬಲ್ ಮೇಲೆ ಬ್ಯಾಟರಿ ಹಾಕಿ ಕೂತು ಹಿಂದಿನ ಭಾಗದಲ್ಲಿ ಕೈಯಾಡಿಸುವಾಗ ಮೊಣಕೈ ಥ್ರಾಟಲ್‌ಗೆ (ಪ್ರೊಪೆಲ್ಲರ್ ವೇಗದ ಸ್ಟಿಕ್‌ಗೆ) ತಗುಲುವುದು ತೀರಾ ಸುಲಭ. ಎರಡು ನಿಮಿಷದ ಕೆಲಸ, ಆಮೇಲೆ ಆಸ್ಪತ್ರೆ ಅಲೆಯುವುದು ತಪ್ಪುತ್ತದೆ.

ಸರ್ವೋ ಯಾಕೆ ಕೂಗುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಡಬ್ಬಿಯೊಳಗೆ ಇರುವುದು ಒಂದು ಪುಟ್ಟ ಡಿಸಿ ಮೋಟರ್, ಕೆಲವು ಗೇರ್, ಒಂದು ಪೊಟೆನ್ಶಿಯೋಮೀಟರ್, ಉಗುರಿನಷ್ಟು ಒಂದು ಸರ್ಕ್ಯೂಟ್. ವಿಮಾನದೊಳಗಿನ ರಿಸೀವರ್ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಅದಕ್ಕೆ ಒಂದು ಪಲ್ಸ್ ಕಳಿಸುತ್ತದೆ. ಪಲ್ಸ್ 1.5 ಮಿಲಿಸೆಕೆಂಡ್ ಇದ್ದರೆ ನಡುವೆ ನಿಲ್ಲು ಅಂತ. 1 ಮಿಲಿಸೆಕೆಂಡ್ ಅಂದರೆ ಒಂದು ಕಡೆಯ ತುದಿ, 2 ಅಂದರೆ ಇನ್ನೊಂದು ಕಡೆಯ ತುದಿ. ತೋಳು ಈಗ ಎಲ್ಲಿದೆ ಅಂತ ಹೇಳುವುದು ಪೊಟೆನ್ಶಿಯೋಮೀಟರ್. ಎರಡಕ್ಕೂ ತಾಳೆಯಾದರೆ ಮೋಟರ್ ಸುಮ್ಮನಿರುತ್ತದೆ. ತಾಳೆಯಾಗದಿದ್ದರೆ ಸರ್ಕ್ಯೂಟ್ ಮೋಟರಿಗೆ ಕರೆಂಟ್ ಕೊಟ್ಟು ತಳ್ಳುತ್ತದೆ. ವ್ಯತ್ಯಾಸ ತೀರಾ ಚಿಕ್ಕದಿದ್ದಾಗ ಕೊಡುವ ಕರೆಂಟೂ ತುಣುಕು ತುಣುಕು. ಅಷ್ಟಕ್ಕೆ ಮೋಟರ್ ತಿರುಗುವುದಿಲ್ಲ, ಸೆಕೆಂಡಿಗೆ 50 ಸಲ ಸುಮ್ನೆ ಅದುರುತ್ತದೆ. ನಿಮಗೆ ಕೇಳಿಸುತ್ತಿರುವ ಗುಂಯ್ ಅದೇ.

ಅಂದರೆ ಕೂಗುವ ಸರ್ವೋ ಎಲ್ಲಿಗೋ ಹೋಗಬೇಕು ಅಂತ ಒದ್ದಾಡುತ್ತಿದೆ, ಹೋಗಲು ಆಗುತ್ತಿಲ್ಲ. ಯಾರು ಹಿಡಿದಿಟ್ಟಿದ್ದಾರೆ ಅಂತ ಹುಡುಕುವುದಷ್ಟೇ ನಮ್ಮ ಕೆಲಸ. ಅದಕ್ಕೇ ಹೇಳಿದ್ದು, ಪುಶ್‌ರಾಡ್ ಬಿಚ್ಚಿ ಅಂತ. ಸರ್ವೋ ತೋಳಿನಿಂದ ತಂತಿ ಬಿಡಿಸಿ ಬ್ಯಾಟರಿ ಹಾಕಿ. ಸದ್ದು ನಿಂತಿತಾ? ಹಾಗಾದರೆ ಸರ್ವೋ ಚೆನ್ನಾಗಿದೆ, ತೊಂದರೆ ತಂತಿಯಿಂದ ಆಚೆ. ತಂತಿ ಇಲ್ಲದೆಯೂ ಕೂಗುತ್ತಿದೆಯಾ? ಆಗ ಸರ್ವೋ ಮೇಲೆ ಅನುಮಾನ ಪಡಿ.

ನಿಮ್ಮ ಎಲಿವೇಟರ್ ಮೊದಲನೇ ಜಾತಿಯದು ಅನ್ನುವುದು ನನ್ನ ಊಹೆ. ತಂತಿ ಬಿಚ್ಚಿದ ಮೇಲೆ ಅದನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಎಲಿವೇಟರ್ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುವಷ್ಟು ಸಡಿಲ ಇರಬೇಕು. ಎಲ್ಲಾದರೂ ಒಂದು ಕಡೆ ತಡೆಯುತ್ತಿದೆ, ಆಮೇಲೆ ಟಕ್ಕಂತ ಬಿಡುತ್ತಿದೆ ಅನ್ನಿಸಿದರೆ ಕಳ್ಳ ಅಲ್ಲೇ ಇದ್ದಾನೆ.

ಚಿಂಚವಡದಲ್ಲಿ ನಾವು ಒಂದಷ್ಟು ಜನ ಸೇರಿ ಹಾರಿಸುತ್ತೇವೆ, ಬೆಳಗಾವಿ, ವಿಜಯಪುರ ಕಡೆಯಿಂದ ಕೆಲಸಕ್ಕೆ ಬಂದವರೇ ಜಾಸ್ತಿ. ಗುಂಪಿನ ಒಬ್ಬ ಹುಡುಗನ ವಿಮಾನದಲ್ಲಿ ಇದೇ ಎಲಿವೇಟರ್ ರೋಗ ಇತ್ತು. ಪಾಪ, ಎರಡು ಸರ್ವೋ ಬದಲಿಸಿದ್ದ. ಕೊನೆಗೆ ಬಾಡಿ ಸೀಳಿ ನೋಡಿದರೆ, ಪುಶ್‌ರಾಡ್ ಓಡಾಡುವ ಪ್ಲಾಸ್ಟಿಕ್ ಕೊಳವೆ ಮೇಲೆ ಬಿಸಿ ಅಂಟಿನ ದೊಡ್ಡ ಗುಡ್ಡೆ. ಗ್ಲೂ ಗನ್‌ನ ಶಾಖಕ್ಕೆ ಕೊಳವೆ ಮೆತ್ತಗಾಗಿ ಆ ಒಂದು ಕಡೆ ಚಪ್ಪಟೆಯಾಗಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ತಂತಿ ಎಳೆದರೆ ಮಾತ್ರ ಬೆರಳಿಗೆ ಗರಗರ ಅಂತ ಸಿಗುತ್ತಿತ್ತು. ಚಪ್ಪಟೆಯಾದಷ್ಟು ಭಾಗ ಕತ್ತರಿಸಿ ತೆಗೆದ, ಸದ್ದು ಹೋಯಿತು. ಬಿಚ್ಚಿದ ಎರಡು ಸರ್ವೋ ಈಗ ಅವನ ಇನ್ನೊಂದು ವಿಮಾನದಲ್ಲಿ ಹಾರುತ್ತಿವೆ.

ಕೊಳವೆ ಸರಿಯಿದ್ದರೆ ತಂತಿಯ ತುದಿಯ ಝಡ್ ಬೆಂಡ್ (ಝಡ್ ಆಕಾರದ ಮಡಿಕೆ) ನೋಡಿ. ಈ ನೀಲಿ ಸರ್ವೋ ಜೊತೆ ಬರುವ ಬಿಳಿ ತೋಳಿನ ತೂತು ತುಂಬಾ ಚಿಕ್ಕದು. ಸ್ವಲ್ಪ ದಪ್ಪ ತಂತಿಯನ್ನು ಅದರೊಳಗೆ ತುರುಕಿದರೆ ಅದು ತಿರುಗುವುದಿಲ್ಲ, ತೋಳನ್ನೇ ತಿರುಚುತ್ತದೆ. ತಂತಿಯ ಅಳತೆಗೆ ಸರಿಯಾದ ಡ್ರಿಲ್ ಬಿಟ್ ಅನ್ನು ಕೈಯಲ್ಲೇ ಹಿಡಿದು ತಿರುಗಿಸಿ ತೂತು ಬಿಡಿಸಿ. ಮಷಿನ್ ಹಚ್ಚಬೇಡಿ, ತೂತು ದೊಡ್ಡದಾಗಿಬಿಟ್ಟರೆ ಎಲಿವೇಟರ್ ಲಡಲಡ ಅನ್ನುತ್ತದೆ, ಗಾಳಿಯಲ್ಲಿ ಅದು ಇನ್ನೂ ಕೆಟ್ಟದ್ದು. ಬೆಂಡ್‌ನ ತುದಿ ಉದ್ದ ಉಳಿದು ಫೋಮ್‌ಗೆ ಉಜ್ಜುತ್ತಿದೆಯಾ ಅಂತಲೂ ನೋಡಿ.

ಈಗ ಮಳೆಗಾಲ ಬೇರೆ. ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನ ಮೂಲೆ ಸೇರಿರುತ್ತದೆ, ಅಷ್ಟರಲ್ಲಿ ಸ್ಟೀಲ್ ತಂತಿಗೆ ತುಕ್ಕು ಹತ್ತಿರುತ್ತದೆ. ಕೊಳವೆಯೊಳಗೆ ತೆಳುವಾಗಿ ತುಕ್ಕು ಹಿಡಿದರೂ ಸಾಕು. ತಂತಿ ಪೂರ್ತಿ ಹೊರಗೆಳೆದು ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ. ಎಣ್ಣೆ ಹಚ್ಚಬೇಡಿ, ಮೈದಾನದ ಧೂಳೆಲ್ಲ ಅಂಟಿಕೊಳ್ಳುತ್ತದೆ.

ಇವೆಲ್ಲ ಸರಿಯಾದ ಮೇಲೂ ಸಣ್ಣಗೆ ಗುಂಯ್ ಉಳಿದರೆ, ಬ್ಯಾಟರಿ ಹಾಕಿದಂತೆಯೇ ಎಲಿವೇಟರ್‌ನ ಹಿಂದಿನ ಅಂಚನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ. ಸದ್ದು ನಿಂತರೆ ಅದು ಎಲಿವೇಟರ್‌ನ ಸ್ವಂತ ಭಾರ ಅಷ್ಟೇ. ಟ್ರಾನ್ಸ್‌ಮಿಟರ್‌ನ ಟ್ರಿಮ್ (ನಡು ಸ್ಥಾನ ಚೂರು ಸರಿಸುವ ಗುಂಡಿ) ಒಂದು ಕ್ಲಿಕ್ ಆಚೀಚೆ ಮಾಡಿದರೂ ನಿಲ್ಲಬಹುದು. ಇಂಥ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ, ಹಾರಿಸಿ.

ಐಲೆರಾನ್ ವಿಷಯ ಇನ್ನೂ ಸುಲಭ. ಸ್ಟಿಕ್ ತುದಿಗೆ ಹೋದಾಗ ಮಾತ್ರ ಕೂಗುತ್ತದೆ ಅಂದರೆ ಐಲೆರಾನ್ ಹೋಗಬಹುದಾದ ಕೊನೆ ಮುಟ್ಟಿ ನಿಂತಿದೆ, ಸರ್ವೋ ಇನ್ನೂ ತಳ್ಳುತ್ತಲೇ ಇದೆ. ಫೋಮ್ ವಿಮಾನದಲ್ಲಿ ಇದಕ್ಕೆ ಸಾಮಾನ್ಯ ಕಾರಣ ಹಿಂಜ್‌ನಲ್ಲಿ ಓರೆಯಾಗಿ ಕತ್ತರಿಸಿದ್ದು ಸಾಲದೇ ಹೋಗಿರುವುದು. ಕೆಳಗೆ ಬಗ್ಗುವಾಗ ಫೋಮ್‌ಗೆ ಫೋಮ್ ತಾಗುತ್ತದೆ. ಸುಮಾರು 45 ಡಿಗ್ರಿ ಓರೆ ಇರಬೇಕು. ಬ್ಲೇಡಿನಲ್ಲಿ ಇನ್ನಷ್ಟು ಕೆತ್ತಿ. ಅದು ಸರಿಯಿದ್ದರೆ ಟ್ರಾನ್ಸ್‌ಮಿಟರ್‌ನಲ್ಲಿ ಎಂಡ್ ಪಾಯಿಂಟ್ (ಸರ್ವೋ ಎಲ್ಲಿಯವರೆಗೆ ಹೋಗಬೇಕು ಅನ್ನುವ ಮಿತಿ) ಇಳಿಸಿ. ಸ್ಟಿಕ್ ಪೂರ್ತಿ ಬಲಕ್ಕೆ ಹಿಡಿದು, ಗುಂಯ್ ನಿಲ್ಲುವವರೆಗೆ ಒಂದೊಂದೇ ಅಂಕೆ ಕಮ್ಮಿ ಮಾಡುತ್ತಾ ಬನ್ನಿ. ಎಡಕ್ಕೂ ಹಾಗೇ ನೋಡಿ.

ತುಂಬಾ ಇಳಿಸಬೇಕಾಗಿ ಬಂದರೆ ಮಾತ್ರ ಅಲ್ಲಿಗೆ ನಿಲ್ಲಿಸಿ, ಲಿಂಕೇಜ್ (ತಂತಿಯ ಜೋಡಣೆ) ಕಡೆ ಬನ್ನಿ. ಸರ್ವೋ ತೋಳಿನಲ್ಲಿ ತಂತಿಯನ್ನು ಒಳಗಿನ ತೂತಿಗೆ, ಐಲೆರಾನ್ ಕಡೆಯ ಹಾರ್ನ್‌ನಲ್ಲಿ (ತಂತಿ ಸಿಕ್ಕಿಸುವ ಪುಟ್ಟ ತುಂಡಿನಲ್ಲಿ) ಹೊರಗಿನ ತೂತಿಗೆ ಹಾಕಿ. ಚಲನೆ ಕಮ್ಮಿಯಾಗುತ್ತದೆ, ಬಲ ಹೆಚ್ಚಾಗುತ್ತದೆ. ಹೊಸಬರು ಇದನ್ನು ಉಲ್ಟಾ ಹಾಕುವುದೇ ಜಾಸ್ತಿ. ರೆಕ್ಕೆ ಪಟಪಟ ಆಡುವುದು ನೋಡಲು ಚೆಂದ, ಸರ್ವೋ ಮಾತ್ರ ಏದುಸಿರು ಬಿಡುತ್ತಿರುತ್ತದೆ. ಟ್ರೈನರ್‌ಗೆ ಅಷ್ಟು ಚಲನೆ ಬೇಕಾಗಿಯೂ ಇಲ್ಲ.

ಟ್ರಾನ್ಸ್‌ಮಿಟರ್‌ನ ಸಬ್ ಟ್ರಿಮ್ (ಸರ್ವೋದ ನಡು ಬಿಂದು ಸರಿಸುವ ಸೆಟ್ಟಿಂಗ್) ಕೂಡ ನೋಡಿ. ತೋಳು ವಕ್ರ ಕೂತಿದೆ ಅಂತ ಅದರಲ್ಲೇ ನೇರ ಮಾಡಿದ್ದರೆ ಒಂದು ಕಡೆಯ ಓಟ ಬೇಗ ಮುಗಿದುಹೋಗುತ್ತದೆ. ಸಬ್ ಟ್ರಿಮ್ ಸೊನ್ನೆಗೆ ತನ್ನಿ, ಸ್ಕ್ರೂ ಬಿಚ್ಚಿ ತೋಳು ಎತ್ತಿ, ಒಂದು ಹಲ್ಲು ಆಚೀಚೆ ಮಾಡಿ ಲಂಬವಾಗಿ ಕೂರಿಸಿ. ಉಳಿದ ಚೂರುಪಾರು ವ್ಯತ್ಯಾಸಕ್ಕೆ ಮಾತ್ರ ಸಬ್ ಟ್ರಿಮ್.

ಮುಂದೆ ದೊಡ್ಡ ವಿಮಾನ ಮಾಡಿ ಒಂದೇ ಎಲಿವೇಟರ್‌ಗೆ ಎರಡು ಸರ್ವೋ ಹಾಕುವ ಕಾಲ ಬಂದರೆ ಹುಷಾರು. ಎರಡರ ನಡು ಬಿಂದು ಸ್ವಲ್ಪ ಬೇರೆಯಾದರೂ ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಕೂಗುತ್ತವೆ, ಎರಡೂ ಕಾಯುತ್ತವೆ. ನಿಮ್ಮ ಟ್ರೈನರ್‌ನಲ್ಲಿ ಐಲೆರಾನ್ ಬೇರೆ ಬೇರೆ ಇರುವುದರಿಂದ ಆ ಚಿಂತೆ ಇಲ್ಲ.

ಇನ್ನು ರಡ್ಡರ್. ಅದು ಗುಂಯ್ ಅನ್ನುತ್ತಿಲ್ಲ, ನಡುಗುತ್ತಿದೆ ಅಂದಿರಿ. ಇದೇ ನನಗೆ ಅನುಮಾನ. ತಂತಿ ಬಿಚ್ಚಿ, ಸ್ಟಿಕ್ ತೀರಾ ನಿಧಾನವಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ಯಿರಿ. ಒಂದೇ ಜಾಗದಲ್ಲಿ, ಅದರಲ್ಲೂ ನಡುವೆ, ತೋಳು ಚಕ್ಕಂತ ಹಾರಿದರೆ ಪೊಟೆನ್ಶಿಯೋಮೀಟರ್ ಸವೆದಿದೆ ಅಥವಾ ಕೊಳೆ ಸೇರಿದೆ. ಸರ್ವೋ ಜೀವಮಾನದ ಹೆಚ್ಚು ಹೊತ್ತು ನಡುವಿನಲ್ಲೇ ಕಳೆಯುವುದರಿಂದ ಸವೆಯುವುದೂ ಅಲ್ಲೇ. ಇದನ್ನು ರಿಪೇರಿ ಮಾಡುತ್ತಾ ಕೂರಬೇಡಿ. ಬದಲಿಸಿ. ತೋಳು ಒಂದು ಕಡೆ ಜಾರಿ ಕಟಕಟ ಅಂದರೆ ಗೇರ್ ಹಲ್ಲು ಹೋಗಿದೆ, ಅದಕ್ಕೂ ಅದೇ ಮಾತು.

ಆದರೆ ಕಸದ ಬುಟ್ಟಿಗೆ ಹಾಕುವ ಮುಂಚೆ ರಡ್ಡರ್ ವೈರನ್ನು ರಿಸೀವರ್‌ನಲ್ಲಿ ಐಲೆರಾನ್ ಜಾಗಕ್ಕೆ ಚುಚ್ಚಿ ನೋಡಿ. ನಡುಕ ಸರ್ವೋ ಜೊತೆಗೇ ಬಂದರೆ ಸರ್ವೋ ಕೆಟ್ಟಿದೆ. ಅಲ್ಲೇ ಉಳಿದರೆ, ಅಂದರೆ ಆ ಜಾಗಕ್ಕೆ ಹಾಕಿದ ಬೇರೆ ಸರ್ವೋ ಕೂಡ ನಡುಗಿದರೆ, ಟ್ರಾನ್ಸ್‌ಮಿಟರ್‌ನ ಆ ಸ್ಟಿಕ್‌ನೊಳಗಿನ ಪೊಟೆನ್ಶಿಯೋಮೀಟರ್ ನೋಡಬೇಕು. ಹಳಬರು ಕೆಲವರು "ಸಿಗ್ನಲ್ ಡಿಸ್ಟರ್ಬ್ ಆಗ್ತಿದೆ" ಅನ್ನುತ್ತಾರೆ. ಹಳೇ ಎಫ್‌ಎಂ ಟ್ರಾನ್ಸ್‌ಮಿಟರ್‌ಗಳ ಕಾಲದಲ್ಲಿ ಅದು ನಿಜ ಇತ್ತು. ಈಗಿನ 2.4 ಗಿಗಾಹರ್ಟ್ಸ್ ಸೆಟ್‌ನಲ್ಲಿ ಒಂದೇ ಒಂದು ಸರ್ವೋ ನಡುಗಲು ಅದು ಕಾರಣವಾಗುವುದು ಅಪರೂಪ.

ಇನ್ನೊಂದು ಸೆಟ್ಟಿಂಗ್ ಇದೆ. ಕೆಲವು ಟ್ರಾನ್ಸ್‌ಮಿಟರ್‌ಗಳಲ್ಲಿ, ಗೈರೋ ಬೋರ್ಡ್‌ಗಳಲ್ಲಿ (ವಿಮಾನ ಓಲಾಡದಂತೆ ಹಿಡಿಯುವ ಬೋರ್ಡ್) ಸರ್ವೋ ಫ್ರೀಕ್ವೆನ್ಸಿ ಅಂತ ಇರುತ್ತದೆ. 333 ಹರ್ಟ್ಸ್ ಡಿಜಿಟಲ್ ಸರ್ವೋಗೆ. ನಿಮ್ಮ ನೀಲಿ ಸರ್ವೋ ಅನಲಾಗ್, ಅದಕ್ಕೆ 50 ಸಾಕು. ಅಲ್ಲಿ 333 ಕೂತಿದ್ದರೆ ನಾಲ್ಕೂ ಸೇರಿ ಕೂಗುತ್ತವೆ, ಸ್ವಲ್ಪ ಹೊತ್ತಿಗೆ ಬಿಸಿಯಾಗುತ್ತವೆ. ಡಿಜಿಟಲ್ ಸರ್ವೋ ಮಾತ್ರ ಭಾರ ಹಿಡಿದು ನಿಂತಾಗ ಕೀಂಯ್ ಅನ್ನುವುದು ಸಹಜ, ಅದು ಮೋಟರಿಗೆ ಸೆಕೆಂಡಿಗೆ ನೂರಾರು ಸಲ ಕರೆಂಟ್ ಕೊಡುತ್ತದೆ.

ಸದ್ದು ಮಾಡಿದರೆ ಮಾಡಲಿ, ಹಾರಿದರೆ ಆಯ್ತಲ್ಲ ಅನ್ನಬಹುದು. ಆಗುವುದಿಲ್ಲ. ಇಂಥ ಚಿಕ್ಕ ಸರ್ವೋ ಸುಮ್ಮನಿದ್ದಾಗ ಕೆಲವೇ ಮಿಲಿಆಂಪಿಯರ್ ತಿನ್ನುತ್ತದೆ. ಗೋಡೆಗೆ ಒತ್ತಿದಂತೆ ನಿಂತರೆ ಅರ್ಧ ಆಂಪಿಯರ್‌ಗಿಂತ ಜಾಸ್ತಿ. ಎರಡು ಹಾಗೆ ನಿಂತರೆ ಒಂದು ಆಂಪಿಯರ್ ದಾಟಿತು. ನಿಮ್ಮ ಇಎಸ್‌ಸಿಯಲ್ಲಿ (ಪ್ರೊಪೆಲ್ಲರ್ ಮೋಟರ್‌ನ ವೇಗ ನಿಯಂತ್ರಿಸುವ ಬೋರ್ಡ್) ಇರುವುದು ಲೀನಿಯರ್ ಬಿಇಸಿ (ರಿಸೀವರ್, ಸರ್ವೋಗಳಿಗೆ ಕರೆಂಟ್ ಕೊಡುವ ಭಾಗ) ಆಗಿದ್ದರೆ, ಪೂರ್ತಿ ಚಾರ್ಜ್ ಆದ 3 ಸೆಲ್ ಬ್ಯಾಟರಿಯ 12.6 ವೋಲ್ಟ್ ಅನ್ನು ಅದು 5ಕ್ಕೆ ಇಳಿಸಬೇಕು. ಮಿಕ್ಕ 7.6 ವೋಲ್ಟ್ ಬರೀ ಶಾಖ. ಒಂದು ಆಂಪಿಯರ್‌ಗೆ 7.6 ವ್ಯಾಟ್. ಮನೆಯಲ್ಲಿರುವ 25 ವ್ಯಾಟ್ ಸೋಲ್ಡರಿಂಗ್ ಐರನ್‌ನ ಮೂರನೇ ಒಂದು ಭಾಗದಷ್ಟು ಬಿಸಿ, ಅದೂ ಫೋಮ್ ಡಬ್ಬಿಯ ಒಳಗೆ. ಬಿಇಸಿ ಕಾದು ಕೈ ಎತ್ತಿದರೆ ರಿಸೀವರ್‌ಗೆ ಕರೆಂಟ್ ಇಲ್ಲ. ಆಮೇಲೆ ಸ್ಟಿಕ್ ಎಷ್ಟು ಎಳೆದರೂ ವಿಮಾನ ನಿಮ್ಮ ಮಾತು ಕೇಳುವುದಿಲ್ಲ.

ಹಾಗಾಗಿ ಸದ್ದಿಗಿಂತ ಬಿಸಿಯನ್ನು ನಂಬಿ. ಐದು ನಿಮಿಷ ಸ್ಟಿಕ್ ಆಡಿಸಿ, ಸರ್ವೋ ಡಬ್ಬಿ ಮೇಲೆ ಬೆರಳಿಡಿ. ಉಗುರುಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಿದ್ದರೆ ಆ ವಿಮಾನ ಮೈದಾನಕ್ಕೆ ಹೋಗಬಾರದು.

ಮೆಟಲ್ ಗೇರ್ ವಿಷಯ. ಅದು ಹಲ್ಲು ಮುರಿಯದಂತೆ ತಡೆಯುತ್ತದೆ, ಅಷ್ಟೇ. ಬಿಗಿಯಾದ ತಂತಿಗೆ ಮೆಟಲ್ ಗೇರ್ ಸರ್ವೋ ಹಾಕಿದರೆ ಅದೂ ಕೂಗುತ್ತದೆ. ಅಂಗಡಿಯವನಿಗೆ ವ್ಯಾಪಾರ ಆಗಬೇಕು, ತಪ್ಪೇನಿಲ್ಲ. ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಮತ್ತೆ ಹೋದರೆ ರಡ್ಡರ್‌ಗೆ ಒಂದು ಸರ್ವೋ ಮಾತ್ರ ತನ್ನಿ, ಜೊತೆಗೆ ಒಂದು ಸರ್ವೋ ಟೆಸ್ಟರ್ ತನ್ನಿ. ಒಂದು ಗುಂಡಿ ಇರುವ ಪುಟ್ಟ ಡಬ್ಬಿ ಅದು. 5 ವೋಲ್ಟ್ ಕೊಟ್ಟು ಗುಂಡಿ ತಿರುಗಿಸಿದರೆ ಟ್ರಾನ್ಸ್‌ಮಿಟರ್ ಇಲ್ಲದೆಯೇ ಸರ್ವೋ ಆಡುತ್ತದೆ. ಸಾಧ್ಯವಾದರೆ ಅಂಗಡಿಯಲ್ಲೇ ಹಚ್ಚಿ ನೋಡಿ ತಗೊಳ್ಳಿ. ಈ ನೀಲಿ ಸರ್ವೋಗಳಿಗೆ ನಕಲಿಗಳು ಬೇಕಾದಷ್ಟಿವೆ, ಹೊಸ ಪೊಟ್ಟಣದಲ್ಲೇ ನಡುಗುವವೂ ಸಿಗುತ್ತವೆ.

ಮೊದಲು ಎಲಿವೇಟರ್ ತಂತಿ ಬಿಚ್ಚಿ ನೋಡಿ, ಏನಾಯಿತು ಅಂತ ಕಾಮೆಂಟಿನಲ್ಲಿ ಬರೆಯಿರಿ. ತಂತಿ ಸರಿಮಾಡಿ ಮತ್ತೆ ಹಾಕಿದರೂ ಸದ್ದು ನಿಲ್ಲದಿದ್ದರೆ ಸರ್ವೋ ತೋಳು ಮತ್ತು ಹಾರ್ನ್ ಎರಡೂ ಪಕ್ಕದಿಂದ ಕಾಣುವ ಒಂದು ಫೋಟೋ ಹಾಕಿ. ತೋಳು ಎತ್ತಿ ಕೂರಿಸಿದ ಮೇಲೆ ನಡುವಿನ ಸಣ್ಣ ಸ್ಕ್ರೂ ವಾಪಸ್ ಹಾಕಿದಿರಾ ಅಂತ ಒಂದು ಸಲ ನೋಡಿಕೊಳ್ಳಿ.