ಹಳೆಯ ಎಂಜಿಬಿಗೆ ಹೊಸ ಎಂಜಿನ್ ಬೇಕೇ?

ಪ್ರಶ್ನೆ: ತಂದೆಯವರು ಬಿಟ್ಟುಹೋದ 1965ರ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಈಗಿನ ಎಂಜಿನ್ ಕೂಡಿಸಿ, ಚಿತ್ರದುರ್ಗದವರೆಗೆ ನಿಶ್ಚಿಂತೆಯಿಂದ ಓಡಿಸುವ ಆಸೆಯಿದೆ. ಇದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂಲ ಎಂಜಿನ್ನನ್ನೇ ಉಳಿಸಿಕೊಳ್ಳಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಕ್ಕೆ ಮಾತ್ರ ವಿಂಟೇಜ್ ಮಾನ್ಯತೆ ದೊರೆಯುವುದರಿಂದ, ಎಂಜಿನ್ ಬದಲಿಸಿದರೆ ಆ ಅವಕಾಶ ಕೈತಪ್ಪುತ್ತದೆ. ಮೇಲಾಗಿ, ಆ ವರ್ಷದ ಎಂಜಿಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಲೋಹದ ಮೈಗೆ ಸೇರಿರುತ್ತದೆ; ಇಸಿಯುವಿನಿಂದ (ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಿನಿಂದ) ನಡೆಯುವ ಹೊಸ ಎಂಜಿನ್‌ಗೆ ಅದು ಒಗ್ಗದ ಕಾರಣ ಇಡೀ ವೈರಿಂಗ್ ಬದಲಾಗಬೇಕು, ಅದರ ಬೆನ್ನಿಗೇ ಪೆಟ್ರೋಲ್ ಪಂಪು, ಗೇರ್‌ಬಾಕ್ಸ್, ಬ್ರೇಕುಗಳೂ. ರೇಡಿಯೇಟರ್ ತೊಳೆಸಿ, ಎರಡೂ ಕಾರ್ಬ್ಯುರೇಟರ್‌ಗಳನ್ನು ಸಮನಾಗಿ ಹೊಂದಿಸಿದರೆ, ಹೆದ್ದಾರಿಯ ಸುಮಾರು 60 ಕಿಲೋಮೀಟರ್ ಆ 1798 ಸಿಸಿ ಎಂಜಿನ್‌ಗೆ ಭಾರವಲ್ಲ.